ಹೊಸ ಬಣ್ಣದ ಹಳೇ ಟ್ರ್ಯಾಕ್ಟರು ಸ್ಟಾರ್ಟ್ ಆಗಲಿಲ್ಲ, ತಪ್ಪು ನನ್ನದೇ

ಅಪ್ಪ ತೀರಿಕೊಂಡ ಮೇಲೆ ಅವರ ಸಣ್ಣ ಟ್ರ್ಯಾಕ್ಟರು ನಾಲ್ಕು ವರ್ಷ ಶೆಡ್ಡಲ್ಲಿ ಧೂಳು ತಿಂತಾ ನಿಂತಿತ್ತು. ಈ ಬೇಸಿಗೇಲಿ ಟ್ಯಾಂಕ್ ಬಿಚ್ಚಿ ತೊಳೆದು, ವೈರಿಂಗ್ ಹೊಸದು ಹಾಕಿಸಿ, ಕೊನೆಗೆ ನಾನೇ ಕೂತು ಬಣ್ಣ ಹೊಡೆದೆ.

ಮೊನ್ನೆ ಒಳ್ಳೆ ಮಳೆ ಬಂತು. ತೆಂಗಿನ ಸಾಲಲ್ಲಿ ರೋಟವೇಟರ್ ಹೊಡೆದು ಅಲಸಂದೆ ಚೆಲ್ಲಬೇಕು. ಹದ ಯಾರಿಗೂ ಕಾಯಲ್ಲ. ಅಮ್ಮ ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಕೀ ತಿರುಗಿಸಿದೆ. ಲೈಟು ಮಂಕಾಯ್ತು, ಟಕ್ ಟಕ್ ಅಂತು, ಅಷ್ಟೇ. ಅಮ್ಮ ಏನೂ ಮಾತಾಡದೆ ಒಳಗೆ ಹೋದರು.

ಸಿಟ್ಟಲ್ಲಿ ವೈರಿಂಗ್ ಮಾಡಿದ ಹುಡುಗನಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ. "ಬರ್ತೀನಣ್ಣ" ಅಂದ, ಅಷ್ಟೇ. ಪಕ್ಕದ ತೋಟದ ಮಾವ "ಬ್ಯಾಟರಿ ಸತ್ತೈತೆ, ಹೊಸದು ತಗೋ. ಇಲ್ಲಾಂದ್ರೆ ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟರ್ ಶಾರ್ಟ್ ಮಾಡು" ಅಂದ್ರು. ಅದೊಂದು ಮಾತ್ರ ಬೇಡ ಅಂದೆ. ಗಾಡಿ ಗೇರಲ್ಲಿದ್ರೆ, ಚಕ್ರದ ಪಕ್ಕ ನಿಂತೋನ ಮೇಲೇ ಹತ್ತಿಬಿಡುತ್ತೆ.

ಹುಡುಗ ಬಂದು ಮೊದಲು ಗೇರ್ ನ್ಯೂಟ್ರಲ್ ನೋಡ್ದ. ಆಮೇಲೆ ಮೀಟರ್ ಹಿಡಿದ. ಬ್ಯಾಟರಿ 12.6 ವೋಲ್ಟ್. ಕೀ ತಿರುಗಿಸಿದಾಗಲೂ ಟರ್ಮಿನಲ್ ಮೇಲೆ 12ಕ್ಕಿಂತ ಕೆಳಗೆ ಇಳೀಲಿಲ್ಲ. ಬ್ಯಾಟರಿ ಸೋತಿದ್ರೆ ಅಲ್ಲೇ ದಬಕ್ ಅಂತ ಬೀಳಬೇಕಿತ್ತು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಇಟ್ಟು, ಮತ್ತೆ ಕೀ ತಿರುಗಿಸು ಅಂದ. ಅರ್ಧ ವೋಲ್ಟೂ ಬರಬಾರದ ಕಡೆ ಆರೇಳು ವೋಲ್ಟ್ ಕುಣೀತಿತ್ತು. ಅರ್ಥಿಂಗ್ ಇಲ್ಲ!

ಅರ್ಥ್ ಕೇಬಲ್ಲಿನ ಬೋಲ್ಟ್ ಬಿಚ್ಚಿದ. ಕೆಳಗೆ ದಪ್ಪಗೆ ಬಣ್ಣ. "ಇದಕ್ಕೆ ಬಣ್ಣ ಹೊಡೆದೋರು ಯಾರಣ್ಣ?" ಅಂದ. ಅವನು ಸರಿಯಾಗೇ ಕೂರಿಸಿದ್ದ ಕೇಬಲ್ಲನ್ನ ಬಣ್ಣಕ್ಕೆ ಅಡ್ಡ ಅಂತ ಬಿಚ್ಚಿ, ಬಣ್ಣದ ಮೇಲೇ ಬಿಗಿದೋನು ನಾನು. ಭೂಮಿಗಿಳಿದು ಹೋದಂಗಾಯ್ತು.

ಸ್ಯಾಂಡ್ ಪೇಪರಲ್ಲಿ ಉಜ್ಜಿ, ಹೊಳೆಯೋ ಕಬ್ಬಿಣಕ್ಕೆ ಬಿಗಿದು, ಮೇಲೆ ವ್ಯಾಸಲೀನ್ ಸವರಿದ್ವಿ. ಈಗ ಸ್ಟಾರ್ಟರ್ ಜೋರಾಗಿ ತಿರುಗಿತು, ಆದ್ರೆ ಎಂಜಿನ್ ಹತ್ತಲಿಲ್ಲ. ಸೈಲೆನ್ಸರಲ್ಲಿ ಹೊಗೆಯೇ ಇಲ್ಲ ಅಂದ್ರೆ ಡೀಸೆಲ್ ಒಳಗೆ ಹೋಗ್ತಿಲ್ಲ. ಟ್ಯಾಂಕ್ ಬಿಚ್ಚಿದ್ದಕ್ಕೆ ಏರ್ ಹಿಡಿದಿತ್ತು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಬರಿ ಡೀಸೆಲ್ ಬರೋವರೆಗೂ ಬಿಟ್ಟು ಬಿಗಿದ್ವಿ. ಪಂಪಿನ ಹತ್ರಾನೂ ಹಂಗೇ ಮಾಡಿದ್ವಿ. ಹತ್ತು ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟರ್ ಹೊಡೀಬೇಡಿ, ನಡುವೆ ನಿಮಿಷ ಬಿಡಿ, ಇಲ್ಲಾಂದ್ರೆ ಅದೂ ಸುಟ್ಟೀತು.

ಮೂರನೇ ಸಲಕ್ಕೆ ಹತ್ತಿತು. ಆ ಸದ್ದು ಕೇಳಿ ಅಮ್ಮ ಬಾಗಿಲಿಗೆ ಬಂದು ನಿಂತರು. ಹುಡುಗನಿಗೆ "ತಪ್ಪಾಯ್ತಪ್ಪ" ಅಂದೆ. "ಬಿಡಣ್ಣ, ಕಾಫಿ ಕೊಡ್ಸು" ಅಂದ. ಕೂಲಿ ಕೊಟ್ರೆ ಅರ್ಧಾನೇ ತಗೊಂಡ. ಸಂಜೆಯೊಳಗೆ ಒಂದೂವರೆ ಎಕರೆ ಮುಗೀತು.

ಮಳೆಗಾಲಕ್ಕೆ ಗಾಡಿ ಇಳಿಸೋ ಮುಂಚೆ ನಿಮ್ಮ ಅರ್ಥ್ ಬೋಲ್ಟ್ ಒಂದ್ಸಲ ಬಿಚ್ಚಿ ನೋಡಿ. ಬ್ಯಾಟರಿ ದುಡ್ಡೂ ಉಳಿಯುತ್ತೆ, ಇನ್ನೊಬ್ಬರನ್ನ ಬೈಯೋದೂ ತಪ್ಪುತ್ತೆ.