ಫುಶ್ಶೋ ಫೀಶೋ, ಐತೆಯೋ ಐತಿಯೋ

ಅಕ್ಕಂದಿರಾ, ತಂಗಿಯರಾ, ಎದುರುಮನೆ ಅತ್ತೆ ದಿನಾ ಕೇಳ್ತಾರೆ, "ಆರು ತಿಂಗ್ಳು ಮಗಳ ಬಾಣಂತನಕ್ಕೆ ನ್ಯೂಜಿಲೆಂಡಿಗೆ ಹೋಗಿದ್ಯಲ್ಲ, ಅಲ್ಲಿ ಏನ್ ನೋಡ್ದೆ?" ಅಂತ. ನೋಡಿದ್ದು ಕಮ್ಮಿ, ಕೇಳಿಸ್ಕೊಂಡಿದ್ದು ಜಾಸ್ತಿ. ಅದನ್ನೇ ಬರೀತೀನಿ.

ಆಕ್ಲೆಂಡಿಗೆ ಹೋದ ಮೊದಲನೇ ವಾರವೇ ಒಂದು ಎಡವಟ್ಟು ಮಾಡ್ಕೊಂಡೆ. ಪಕ್ಕದ ಮನೆ ಅಜ್ಜಿ ಮಗು ನೋಡಾಕೆ ಬಂದಿದ್ರು. ಕೈಯಾಗೆ ಬೆಳ್ಳಗೆ ನೊರೆಯಂಗಿರೋ ಸಿಹಿ, ಮೇಲೆ ಹಣ್ಣಿನ ಚೂರು. ಪಾವ್ಲೋವಾ ಅಂತೆ. ಅವರ ಮಾತು ನನಗೆ ಟೀವಿ ಕ್ರಿಕೆಟ್ಟಿನಾಗೆ ಕೇಳೋ ಆಸ್ಟ್ರೇಲಿಯಾದವರ ಮಾತಿನಂಗೇ ಅನ್ನಿಸ್ತು. ಪಿಯುಸಿ ಓದಿದೋಳಲ್ವಾ, ಸುಮ್ನಿರಲಾರದೆ "ಯೂ ಫ್ರಮ್ ಆಸ್ಟ್ರೇಲಿಯಾ?" ಅಂದೆ. ಅಜ್ಜಿ ನಗು ಅಲ್ಲೇ ನಿಂತೋಯ್ತು. ಮಗಳು ಅಡುಗೆಮನೆಯಿಂದ ಬಂದು ನನ್ನ ಕೈ ಚಿವುಟಿದ್ಲು.

ಆಮೇಲೆ ಅವಳು ಬಿಡಿಸಿ ಹೇಳಿದ್ಲು. ಇವೆರಡು ದೇಶದ ಮಧ್ಯೆ ಟಾಸ್ಮನ್ ಅನ್ನೋ ಸಮುದ್ರ ಐತೆ. 1901ರಾಗೆ ಆಸ್ಟ್ರೇಲಿಯಾದ ಆರು ಕಾಲೊನಿಗಳು ಸೇರಿ ಒಂದಾದಾಗ ನ್ಯೂಜಿಲೆಂಡಿನವರು ಒಲ್ಲೆ ಅಂದು ಬೇರೇನೇ ಉಳಿದ್ರು. ಈಗ ಅವರೂ ಇವರೂ ದಾಯಾದಿಗಳಂಗೆ, ಒಬ್ಬರನ್ನೊಬ್ಬರು ಆಡಿಕೊಳ್ಳದಿದ್ರೆ ಉಂಡನ್ನ ಅರಗಲ್ಲ. ಆ ಪಾವ್ಲೋವಾ ಐತಲ್ಲ, ಅದೂ ಜಗಳದ್ದೇ. ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾ 1926ರಾಗೆ ಎರಡೂ ದೇಶಕ್ಕೆ ಬಂದಿದ್ದಳಂತೆ. ಅವಳ ಹೆಸರಿಟ್ಟು ಸಿಹಿ ಮಾಡಿದ್ದು ನಾವು ಮೊದಲು ಅಂತ ಇಬ್ಬರೂ ಹೇಳ್ತಾರೆ. ನ್ಯೂಜಿಲೆಂಡಿನಾಗೆ ಮನುಷ್ಯರಿಗಿಂತ ಕುರಿ ಜಾಸ್ತಿ, ಅದಕ್ಕೆ ಆಸ್ಟ್ರೇಲಿಯಾದವರು ಇವರನ್ನ ಕುರಿ ಅಂತ ನಗ್ತಾರೆ. ನನಗೇನೂ ಅದು ಬೈಗುಳ ಅನ್ನಿಸಲಿಲ್ಲ ಬಿಡ್ರಿ. ಕಂಬಳಿ ಊರಿನ ಸೊಸೆ ನಾನು!

ಮಾರನೇ ದಿನ ಶೇಂಗಾ ಹೋಳಿಗೆ ಮಾಡ್ಕೊಂಡು ಅಜ್ಜಿ ಮನೆಗೆ ಹೋಗಿ ಸಾರಿ ಅಂದೆ. ಅವರು ನಕ್ಕು ನನಗೆ ಪಾಠ ಮಾಡಿದ್ರು. ಮೀನಿಗೆ ಇಂಗ್ಲೀಷಿನಾಗೆ ಏನಂತಾರೆ ಅಂತ ಕೇಳಬೇಕಂತೆ. "ಫೀಶ್" ಅಂತ ಎಳೆದ್ರೆ ಆಸ್ಟ್ರೇಲಿಯಾ, "ಫುಶ್" ಅಂದಂಗೆ ಕೇಳಿಸಿದ್ರೆ ನ್ಯೂಜಿಲೆಂಡ್. ಹವಾಯಿ ಚಪ್ಪಲಿಗೆ ಅವರು ಥಾಂಗ್ಸ್ ಅಂತಾರೆ, ಇವರು ಜಾಂಡಲ್ಸ್. ಇವರ ಟೆನ್ ನನ್ನ ಕಿವಿಗೆ ಟಿನ್ನು. ಅಂಗಡಿಯವನು ಹತ್ತು ಡಾಲರ್ ಅಂದ್ರೆ ನಾನು ಯಾವ ಡಬ್ಬ ಅಂತ ಹುಡುಕ್ತಿದ್ದೆ.

ಅಜ್ಜಿ ಮುಖ ಬಾಡಿದ್ದು ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ಯಾಕಂದ್ರೆ ಆ ಮುಖ ನನಗೆ ಗೊತ್ತಿತ್ತು. ಅದು ನಂದೇ.

ನನ್ನ ತವರು ಮೊಳಕಾಲ್ಮುರು, ಮಗ್ಗದ ಓಣಿ. ಮದುವೆಯಾಗಿ ಚಳ್ಳಕೆರೆಗೆ ಬಂದೆ. ಒಂದೇ ಜಿಲ್ಲೆ, ಒಂದೇ ಬಸ್ಸು. ಆದ್ರೂ ನಾನು ಬಾಯಿ ಬಿಟ್ರೆ ಇಲ್ಲಿ ಎಲ್ಲರಿಗೂ ನಗು. ಇಲ್ಲಿ "ಐತೆ" ಅಂದ್ರೆ ನಾನು "ಐತಿ" ಅಂತಿದ್ದೆ. ಇಲ್ಲಿ "ಮಾಡ್ತಿದೀನಿ", ನಂದು "ಮಾಡಾಕತ್ತೀನಿ". ನಡುನಡುವೆ ತೆಲುಗು ಬೇರೆ ನುಸುಳೋದು. ರಾಯದುರ್ಗ ನಮಗೆ ಪಕ್ಕದ ಊರು. 1953ರಾಗೆ ಬಳ್ಳಾರಿ ಜಿಲ್ಲೆ ಹೋಳಾದಾಗ ಅದು ಆಂಧ್ರಕ್ಕೆ ಸೇರ್ತು, ಗೆರೆ ಬಿತ್ತು. ಮಾತಿಗೆ ಗೆರೆ ಎಲ್ಲಿ ಬೀಳುತ್ತೆ? ನಮ್ಮತ್ತೆ ಮಾತ್ರ ನನ್ನ ಕರೀತಿದ್ದುದೇ "ಏ ಆಂಧ್ರದೋಳೇ" ಅಂತ. ಜೋರಾಗಿ ಮಾತಾಡ್ತೀನಿ ಅಂತಲೂ ಆಡಿಕೊಳ್ಳೋರು. ಮಗ್ಗದ ಸದ್ದಿನಾಗೆ ಹುಟ್ಟಿ ಬೆಳೆದೋರು ಕೂಗದೆ ಮಾತಾಡಿದ್ರೆ ಯಾರಿಗೆ ಕೇಳ್ತೈತಿ ಹೇಳ್ರಿ!

ನಮ್ಮ ತವರಿನೋರೇನು ಕಮ್ಮಿಯಿಲ್ಲ. ಎಣ್ಣೆ ಮಿಲ್ಲಿನ ಊರಿನೋರು ಕೈ ಕುಲುಕಿದ್ರೆ ಬೆರಳು ಎಣಿಸ್ಕೋಬೇಕು ಅಂತ ನಮ್ಮ ಓಣಿಯಾಗೆ ಹಾಸ್ಯ ಮಾಡೋರು. ಚಳ್ಳಕೆರೆಯೋರು ಮಾತನ್ನೂ ತಕ್ಕಡಿಯಾಗೆ ತೂಗಿ ಕೊಡ್ತಾರೆ ಅನ್ನೋರು. ಮೂವತ್ತು ವರ್ಷದ ಮೇಲೆ ಸಂಸಾರ ಮಾಡಿ ಹೇಳ್ತೀನಿ, ಅದು ಸುಳ್ಳು. ನಮ್ಮನೆಯೋರು ಮಾತು ತೂಗೋದೇ ಇಲ್ಲ.

ಆಗ ನಾನಿನ್ನೂ ಹುಡುಗಿ. ನಗಿಸ್ಕೊಂಡು ನಗಿಸ್ಕೊಂಡು ಸಾಕಾಗಿ ಮೂರು ತಿಂಗಳಾಗೆ ಮಾತು ಬದಲಾಯಿಸ್ಕೊಂಡೆ. ನಮ್ಮಪ್ಪನ್ನ ನಾವು ಹುಟ್ಟಿದಾಗಿಂದ ಕರೆದದ್ದು "ನಾಯ್ನ" ಅಂತ. ಶ್ರಾವಣದಾಗೆ ನನ್ನ ನೋಡಾಕೆ ಬಂದ್ರು. ಪಡಸಾಲೆಯಾಗೆ ಅತ್ತೆ, ನಾದಿನಿ ಎಲ್ಲ ಕೂತಿದ್ರು. ನಾನು ಬಾಗಿಲಿಗೆ ಬಂದು "ಅಪ್ಪಾಜಿ, ಬಂದ್ರಾ" ಅಂದೆ. ಅವರು ಹಿಂದಕ್ಕೆ ತಿರುಗಿ ನೋಡಿದ್ರು, ಇನ್ಯಾರೋ ಬಂದಿದಾರೆ ಅಂತ. ಆಮೇಲೆ ತಿಳೀತು. ಏನೂ ಅನ್ನಲಿಲ್ಲ. ಉಂಡು, ಸಾಯಂಕಾಲದ ಬಸ್ಸಿಗೆ ಹೊರಟೋದ್ರು. ಬಸ್ ಸ್ಟ್ಯಾಂಡಿನಾಗೆ ಯಾರೂ ಇರಲಿಲ್ಲ, ಆಗಲಾದ್ರೂ ನಾಯ್ನ ಅನ್ನಬೋದಿತ್ತು. ಬಾಯಿಗೆ ಬರಲಿಲ್ಲ. ಅವರು ಹೋಗಿ ಇಪ್ಪತ್ತು ವರ್ಷ ಆಯ್ತು, ಇವತ್ತಿಗೂ ಅದು ನೆನೆದ್ರೆ ಹೊಟ್ಟೆಯಾಗೆ ಸಂಕಟ.

ಆಕ್ಲೆಂಡಿನಾಗೆ ಮಗಳು ಆಫೀಸಿನವರ ಜೊತೆ ಫೋನಿನಾಗೆ ಮಾತಾಡೋದು ಕೇಳಿದ್ರೆ ಅವಳು ನನ್ನ ಮಗಳೇ ಅಲ್ಲ ಅನ್ನಿಸೋದು. ದನಿಯೇ ಬೇರೆ. "ಯಾಕಮ್ಮಿ ಅಂಗೆ ಮಾತಾಡ್ತೀಯ" ಅಂದೆ. "ನನ್ನಂಗೆ ಮಾತಾಡಿದ್ರೆ ಹತ್ತು ಸಲ ಪಾರ್ಡನ್ ಅಂತಾರಮ್ಮ, ಸಾಕಾಗೋಗುತ್ತೆ" ಅಂದ್ಲು. ನಾನು ಬಾಯಿ ಮುಚ್ಕೊಂಡೆ. ಅವತ್ತು ನಮ್ಮ ನಾಯ್ನ ಸುಮ್ಮನಿದ್ದದ್ದು ಯಾಕೆ ಅಂತ ಅರ್ಥ ಆಯ್ತು.

ಅಲ್ಲಿ ರಾತ್ರಿ ನಿದ್ದೆ ಬರದಾಗ ನಮ್ಮ ಬ್ರಹ್ಮಗಿರಿ ನೆನಪಾಗೋದು. ಶಾಲೆಯಾಗಿದ್ದಾಗ ಅಶೋಕನ ಶಾಸನ ತೋರಿಸಾಕೆ ಮೇಷ್ಟ್ರು ಕರ್ಕೊಂಡು ಹೋಗಿದ್ರು. 1892ರಾಗೆ ಬಿ.ಎಲ್. ರೈಸ್ ಕಂಡುಹಿಡಿದದ್ದು. ಬರಹವೆಲ್ಲ ಬ್ರಾಹ್ಮಿ ಲಿಪಿ. ಕೊನೆಗೆ ಬರೆದವನ ಹೆಸರು ಚಪಡ ಅಂತ ಐತೆ, ಅದರ ಮುಂದೆ ಲಿಪಿಕಾರ ಅನ್ನೋ ಒಂದು ಮಾತು ಮಾತ್ರ ಖರೋಷ್ಠಿ ಲಿಪಿಯಾಗೆ ಐತೆ. ಆ ಲಿಪಿ ಪೇಶಾವರದ ಕಡೇದು, ಬಲದಿಂದ ಎಡಕ್ಕೆ ಬರೆಯೋದು. ನೋಡ್ರಿ, ರಾಜ ಹೇಳಿದ್ದನ್ನೆಲ್ಲ ಎಲ್ಲರಿಗೂ ತಿಳಿಯೋ ಲಿಪಿಯಾಗೆ ಬರೆದ. ತನ್ನ ಮಾತು ಬಂದಾಗ ಮಾತ್ರ ತನ್ನ ಕಡೇದು. ಆ ಬಂಡೆ ಮೇಲೆ ಇವತ್ತಿಗೂ ಐತೆ. ನನಗಿಂತ ಧೈರ್ಯವಂತ ಆತ.

ಮಗಳ ದೊಡ್ಡ ಹುಡುಗನಿಗೆ ಐದು ವರ್ಷ. ಫೋಟೋ ತೋರಿಸಿ "ಇವರು ಯಾರು ಹೇಳು, ನಾಯ್ನ" ಅಂತ ಕಲಿಸಿದೆ. ಅವನು ಆ ದೇಶದ ರಾಗದಾಗೆ "ನೊಯ್ನ" ಅಂದ. ಅವನ ಅಮ್ಮ ತಿದ್ದಾಕೆ ಹೋದ್ಲು. ನಾನು ಬಿಡಲಿಲ್ಲ. ಅನ್ನಲಿ ಬಿಡು, ಬಾಯಿಗೆ ಬಂತಲ್ಲ, ಅಷ್ಟು ಸಾಕು.

ಊರಿಗೆ ಬಂದ್ಮೇಲೆ ಎದುರುಮನೆಗೆ ಹೊಸಾ ಸೊಸೆ ಬಂದೈತೆ, ಹೊಸಪೇಟೆ ಕಡೇದು. ನೀರಿಗೆ ಬಂದಾಗ "ಎಲ್ಲಿಗೆ ಹೊಂಟೀರಿ" ಅಂತು. ನಾದಿನಿಯರು ಕಿಸಕ್ಕಂದ್ರು. ನಾನು, "ಮನಿಗೇ ಹೊಂಟೀನವ್ವ, ಬಾ, ಚಾ ಕುಡಿದು ಹೋಗೀಯಂತೆ" ಅಂದೆ. ಆ ಹುಡುಗಿ ನನ್ನ ಮುಖ ನೋಡಿ ಕೊಡ ಅಲ್ಲೇ ಇಟ್ಟು ಬಂತು.

ಎದುರುಮನೆ ಅತ್ತೆ, ಇದು ನಿಮಗೇ ಬರೆದದ್ದು, ಬೇಜಾರ್ ಮಾಡ್ಕೋಬ್ಯಾಡ್ರಿ. ಉಳಿದೋರು ಹೇಳ್ರಿ, ನಿಮ್ಮ ತವರಿನ ಯಾವ ಮಾತು ನಿಮ್ಮ ಬಾಯಾಗೆ ಇನ್ನೂ ಉಳಿದೈತೆ?