ಅಪರಿಚಿತನ ಕೈಯ ಫೋನು

ಅಪರಿಚಿತನಿಂದ ಬಳಸಿದ ಫೋನನ್ನು ಕೊಳ್ಳಹೊರಟವರು ಅದರ ಹೊಳಪಿಗೂ ಬೆಲೆಯ ಅಗ್ಗತನಕ್ಕೂ ಮರುಳಾಗುವ ಮೊದಲು, *#06# ಎಂದು ಒತ್ತಿ, ತೆರೆಯ ಮೇಲೆ ಮೂಡುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಪರೀಕ್ಷಿಸಿ ನೋಡುವುದು ಅತ್ಯವಶ್ಯಕ. ಕಳವಾಯಿತೆಂದು ದೂರಿತ್ತು ನಿರ್ಬಂಧಿಸಿದ ಉಪಕರಣವು ಅಲ್ಲಿ ತನ್ನ ಪೂರ್ವವೃತ್ತಾಂತವನ್ನು ಮರೆಮಾಚಲಾರದು. ಮಾರುವವನು ಫೋನಿನಲ್ಲಿರುವ ತನ್ನ ಖಾತೆಯನ್ನು ನಮ್ಮ ಕಣ್ಣೆದುರಿಗೇ ತೆಗೆದುಹಾಕದಿದ್ದರಂತೂ ಐಫೋನು ಕೊಂಡವನಿಗೆ ನಿರುಪಯೋಗಿಯಾದೀತು. ತಾನು ಸೈನಿಕನೆಂದೂ, ಅಕಸ್ಮಾತ್ ವರ್ಗವಾಗಿದೆಯೆಂದೂ, ಮುಂಗಡ ಕಳುಹಿಸಿದೊಡನೆ ಪಾರ್ಸಲು ತಲಪುವುದೆಂದೂ ನಂಬಿಸುವ ವಂಚಕರುಂಟು. ಸಮವಸ್ತ್ರದ ಮೇಲೆ ಜನಸಾಮಾನ್ಯರಿಗಿರುವ ಗೌರವವನ್ನೇ ಬಂಡವಾಳ ಮಾಡಿಕೊಳ್ಳುವ ಈ ನೀಚತನವನ್ನು ನಾನು ಕ್ಷಮಿಸಲಾರೆ. ಹಗಲಿನಲ್ಲಿ, ಜನನಿಬಿಡ ಸ್ಥಳದಲ್ಲಿ ಭೇಟಿಯಾಗಲೊಪ್ಪದವನಿಗೆ ಒಂದು ರೂಪಾಯಿಯನ್ನೂ ಕೊಡಲಾಗದು. ಮುಂಗಡವನ್ನು ಮರಳಿಸುವೆನೆಂದು ಹೇಳಿ ಪಿನ್ ಒತ್ತಿಸಹೊರಟವನನ್ನೂ ನಂಬಲಾಗದು; ಹಣ ಸ್ವೀಕರಿಸಲು ಯುಪಿಐ ಪಿನ್ ಎಂದಿಗೂ ಬೇಕಿಲ್ಲ. ಅಕಸ್ಮಾತ್ ಮೋಸಹೋದವರು ನಾಚಿಕೆಯಿಂದ ಸುಮ್ಮನಿರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆಮಾಡಲಿ. ಹಣವು ಖಾತೆಯಿಂದ ಖಾತೆಗೆ ಹರಿದುಹೋಗುವ ಮುನ್ನ ಅದನ್ನು ತಡೆಹಿಡಿಯುವ ಸಂಭವ ಮೊದಲ ಗಳಿಗೆಗಳಲ್ಲಿಯೇ ಹೆಚ್ಚು.