ಹುರುಳಿ ಹೊಟ್ಟು ಮತ್ತು ಪಿಕಪ್ಪಿನ ಜಾಲರಿ

ಡಿಸೆಂಬರ್ ಬಂತು ಅಂದರೆ ಚಾಮರಾಜನಗರದ ಸುತ್ತಮುತ್ತ ರಸ್ತೆಗಳೆಲ್ಲ ಕಣ ಆಗಿಬಿಡುತ್ತವೆ. ಹುರುಳಿ ಕಿತ್ತು ತಂದು ಡಾಂಬರಿನ ಮೇಲೆ ಮೊಣಕಾಲುದ್ದ ಹರಡಿರುತ್ತಾರೆ. ಬಸ್ಸು, ಲಾರಿ, ಬೈಕು ಏನೇ ಬಂದರೂ ಅದರ ಮೇಲೇ ಹೋಗಬೇಕು. ಒಕ್ಕಣೆ ಪುಕ್ಕಟೆ. ಹೊರಗಿನಿಂದ ಬಂದವರು ಬೈಯ್ಕೊಂಡು ಹೋಗ್ತಾರೆ. ಬೈಯೋದು ಸುಲಭ. ಆದರೆ ಊರಲ್ಲಿ ಕಣ ಎಲ್ಲಿ ಉಳಿದಿದೆ, ರೋಣಗಲ್ಲು ಎಳೆಯೋ ಎತ್ತು ಎಷ್ಟು ಮನೆಯಲ್ಲಿದೆ ಅಂತ ಯಾರೂ ಕೇಳಲ್ಲ.

ಹುರುಳಿಯ ಮೇಲೆ ಹಾದುಹೋದ ಗಾಡಿಗೆ ಏನಾಗುತ್ತೆ ಅಂತ ನಮಗೆ ಗೊತ್ತಾಗಿದ್ದು ನಮ್ಮ ಗುಂಪಿನ ಚಾಮರಾಜನಗರದವನ ಚಿಕ್ಕಪ್ಪನಿಂದ. ನಾವು ನಾಲ್ವರು, ಮೆಕ್ಯಾನಿಕಲ್ ಮೂರನೇ ವರ್ಷ. ಅವನಿಗೆ ಚಿಕ್ಕಪ್ಪ ಅಂದಮೇಲೆ ನಮ್ಮೆಲ್ಲರಿಗೂ ಚಿಕ್ಕಪ್ಪನೇ. ಅವರದ್ದೊಂದು ಪಿಕಪ್ ಇದೆ, ಸಾಲದ ಕಂತು ಇನ್ನೂ ಎರಡು ವರ್ಷ ಕಟ್ಟಬೇಕು. ಇಲ್ಲಿಂದ ಅರಿಶಿನ, ತರಕಾರಿ ತುಂಬಿಕೊಂಡು ದಿಂಬಂ ಘಾಟಿ ಇಳಿದು ಸತ್ಯಮಂಗಲ, ಈರೋಡಿಗೆ ಹೋಗ್ತಾರೆ. ಬರುವಾಗ ಸಿಕ್ಕಿದ ಬಾಡಿಗೆ ತುಂಬಿಕೊಂಡು ಅದೇ ಘಾಟಿ ಹತ್ತಬೇಕು. 27 ಹೇರ್‌ಪಿನ್ ತಿರುವು. ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ.

ಹೋದ ವರ್ಷ ಜನವರಿಯಲ್ಲಿ ಹಾಗೆ ಹತ್ತುವಾಗ ಮೇಲಿನ ತಿರುವೊಂದರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು. ನಿಲ್ಲಿಸೋಣ ಅಂದರೆ ಹಿಂದೆ ಲಾರಿ ಸಾಲು, ಪಕ್ಕದಲ್ಲಿ ಜಾಗ ಇಲ್ಲ. ಮುಂದಿನ ತಿರುವಿನವರೆಗೆ ಎಳೆಸಿದರು. ಅಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಬಿಚ್ಚಿ ನೋಡಿದರೆ ರೇಡಿಯೇಟರ್ ಮುಖದ ತುಂಬ ಹುರುಳಿ ಹೊಟ್ಟು, ಸಗಣಿ ಸಾರಿಸಿದ ಹಾಗೆ. ಬೆಳಿಗ್ಗೆ ಊರಿನ ರಸ್ತೆಯಲ್ಲಿ ಮೆತ್ತಿಕೊಂಡದ್ದು. ಘಾಟಿ ಇಳಿಯುವಾಗ ಎಂಜಿನ್ನಿಗೆ ಕೆಲಸವೇ ಇಲ್ಲ, ಗೊತ್ತಾಗಲ್ಲ. ಬಯಲಿನಲ್ಲಿ ಗಾಳಿ ಸಿಗುತ್ತೆ, ಆಗಲೂ ಗೊತ್ತಾಗಲ್ಲ. ಸಂಜೆ ಹತ್ತುವಾಗ ಒಟ್ಟಿಗೆ ಲೆಕ್ಕ ಕೇಳುತ್ತೆ. ಹನ್ನೊಂದು ದಿನ ಗಾಡಿ ಗ್ಯಾರೇಜಿನಲ್ಲಿ ನಿಂತಿತು. ಕಂತು ನಿಲ್ಲಲಿಲ್ಲ. ಇನ್ನೊಂದು ವಿಷಯ ಹೇಳಬೇಕು, ಆ ರಸ್ತೆಯಲ್ಲಿ ಹರಡಿದ್ದ ಹುರುಳಿಯಲ್ಲಿ ಚಿಕ್ಕಪ್ಪನ ಹೊಲದ್ದೂ ಇತ್ತು. ಅದನ್ನು ಅವರೇ ನಕ್ಕೊಂಡು ಹೇಳಿದರು.

ಈ ವರ್ಷದ ಸುಗ್ಗಿಗೆ ಮುಂಚೆ ಗಾಡಿ ಮುಂಭಾಗಕ್ಕೊಂದು ಜಾಲರಿ ಮಾಡಿಕೊಡೋಣ ಅಂತ ಹೊರಟೆವು. ಪಿಕಪ್ಪಿಗೆ ಜಾಲರಿ ಗ್ರಿಲ್ ಅಂದ ತಕ್ಷಣ ನಮ್ಮ ಹಾಸನದವನ ಕಣ್ಣಿಗೆ ಬಂದದ್ದು ಅಮೆರಿಕದ ದೊಡ್ಡ ದೊಡ್ಡ ಪಿಕಪ್ಪುಗಳು. ಕಪ್ಪು ಜಾಲರಿ, ಮಧ್ಯೆ ಮೂರು ಕಿತ್ತಳೆ ದೀಪ. ಆ ದೀಪ ಶೋಕಿಗೆ ಹುಟ್ಟಿದ್ದಲ್ಲ. ಅಲ್ಲಿ 80 ಇಂಚು ಅಥವಾ ಅದಕ್ಕಿಂತ ಹೆಚ್ಚು ಅಗಲದ ಗಾಡಿಗೆ ಮುಂದೆ ಮೂರು ಗುರುತಿನ ದೀಪ ಇರಲೇಬೇಕು ಅನ್ನೋದು ಕಾನೂನು. ನಮ್ಮ ಪಿಕಪ್ ಅಷ್ಟು ಅಗಲ ಇಲ್ಲ, ದೀಪದ ಮಾತು ಅಲ್ಲಿಗೇ ಮುಗೀತು. ಚಿಕ್ಕಪ್ಪನ ಮಗ, ಪಿಯುಸಿ ಓದ್ತಿದ್ದಾನೆ, ಅವನದ್ದು ಬೇರೆ ಬೇಡಿಕೆ. ಜಾಲರಿಯ ನಡುವೆ ‘ಮಾದಪ್ಪ’ ಅಂತ ದೊಡ್ಡದಾಗಿ ತಗಡಿನಲ್ಲಿ ಕೊರೆಸಬೇಕು. ಚಿಕ್ಕಪ್ಪ ಇಬ್ಬರ ಮಾತೂ ಕೇಳಿ ಒಂದೇ ಷರತ್ತು ಹಾಕಿದರು.

“ನೋಡಿ ಮಕ್ಳಾ, ಚೆಂದಾಗಿ ಕಾಣ್ಬೇಕು ಅಂತ ನಂಗೇನಿಲ್ಲ. ಬಣ್ಣಾರಿ ಅಮ್ಮನ ಗುಡಿ ತವು ನಿಲ್ಸಿ, ಕಾಯಿ ಒಡೆಯೋ ಅಷ್ಟೊತ್ಗೆ ಬಿಚ್ಚಿ ಒದ್ರಿ ತಿರ್ಗಾ ಹಾಕೋಂಗಿರ್ಬೇಕು ಕನಪ್ಪ.”

ಬಣ್ಣಾರಿ ಗುಡಿ ಇರೋದು ದಿಂಬಂ ಘಾಟಿಯ ಬುಡದಲ್ಲಿ. ಹತ್ತುವ ಗಾಡಿಗಳು ಅಲ್ಲಿ ನಿಂತು ಕೈಮುಗಿದೇ ಹೋಗೋದು. ನಾವು ಆಮೇಲೆ ಮಾಡಿದ ಲೆಕ್ಕಗಳೆಲ್ಲ ಕೊನೆಗೆ ಬಂದು ನಿಂತದ್ದು ಈ ಒಂದು ಮಾತಿನ ಹತ್ತಿರ. ಜಾಲರಿ ಕಸ ತಡೆಯುತ್ತೆ ಅಂದರೆ ಕಸ ಜಾಲರಿಯ ಮೇಲೆ ಕೂರುತ್ತೆ ಅಂತಲೇ ಅರ್ಥ ಅಲ್ಲವಾ? ರೇಡಿಯೇಟರ್ ಮೇಲೆ ಇದ್ದದ್ದು ಅರ್ಧ ಅಡಿ ಮುಂದೆ ಬಂತು, ಅಷ್ಟೆ. ಗಾಳಿಗೆ ಎರಡೂ ಒಂದೇ. ವ್ಯತ್ಯಾಸ ಏನು ಅಂದರೆ, ರೇಡಿಯೇಟರಿನ ಫಿನ್ನುಗಳ ಸಂದಿನಿಂದ ಹೊಟ್ಟು ಕೀಳೋಕೆ ಅರ್ಧ ದಿನ ಬೇಕು, ಕೈ ಜೋರಾದರೆ ಫಿನ್ನೇ ಮಡಚಿಕೊಳ್ಳುತ್ತೆ. ಜಾಲರಿಯನ್ನ ನೆಲಕ್ಕೆ ಎರಡು ಸಲ ಕುಟ್ಟಿದರೆ ಆಯ್ತು. ಕುಟ್ಟೋಕೆ ಅದು ಕೈಗೆ ಬರಬೇಕು. ಸ್ಕ್ರೂ ಹಾಕಿ ಗಟ್ಟಿಯಾಗಿ ಬಿಗಿದ ಜಾಲರಿ ಎಷ್ಟು ಚೆನ್ನಾಗಿದ್ದರೂ ನಮ್ಮ ಕೆಲಸಕ್ಕೆ ಬರಲ್ಲ.

ಯಾವ ಜಾಲರಿ ಅನ್ನೋದಕ್ಕೆ ಮೈಸೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಶನಿವಾರ ತಿರುಗಿದೆವು. ಜೂನಿಯರುಗಳಿಗೆ ಉಪಯೋಗ ಆಗಬಹುದು, ಸ್ವಲ್ಪ ಬಿಡಿಸಿ ಹೇಳ್ತೀವಿ. ಅಂಗಡಿಯಲ್ಲಿ ಹೆಣೆದ ಜಾಲರಿಯನ್ನ ‘ಮೆಶ್’ ಲೆಕ್ಕದಲ್ಲಿ ಮಾರ್ತಾರೆ. 4 ಮೆಶ್ ಅಂದರೆ ಒಂದು ಇಂಚಿನಲ್ಲಿ ನಾಲ್ಕು ಕಿಂಡಿ. 25.4 ಮಿ.ಮೀ. ಅನ್ನು ನಾಲ್ಕರಿಂದ ಭಾಗಿಸಿ, 6.35. ತಂತಿ 1 ಮಿ.ಮೀ. ದಪ್ಪ ಇದ್ದರೆ ಕಿಂಡಿ 5.35. ಕಿಂಡಿಯನ್ನ 6.35ರಿಂದ ಭಾಗಿಸಿ ವರ್ಗ ಮಾಡಿದರೆ 0.71. ಅಂದರೆ ನೂರು ಪಾಲಿನಲ್ಲಿ 71 ಪಾಲು ತೆರೆದ ಜಾಗ, 29 ಪಾಲು ತಂತಿ. ತೂತು ಹೊಡೆದ ತಗಡು ನೋಡೋಕೆ ಬಹಳ ಚೆಂದ, ಹಾಸನದವನು ಅದರ ಮುಂದಿಂದ ಕದಲಲೇ ಇಲ್ಲ. ಆದರೆ 5 ಮಿ.ಮೀ. ತೂತು, 8 ಮಿ.ಮೀ. ಅಂತರದ ತಗಡಿನಲ್ಲಿ ತೆರೆದ ಜಾಗ ಬರೀ 35 ಪಾಲು. ಮುಕ್ಕಾಲು ಗಾಡಿಗಳ ಮುಂದೆ ಇಂಥದ್ದನ್ನೇ ಹಾಕಿಸಿಕೊಂಡಿರ್ತಾರೆ. ಘಾಟಿ ಹತ್ತದ ಗಾಡಿಯಾದರೆ ನಡೆಯುತ್ತೆ ಬಿಡಿ.

ಇನ್ನೊಂದು ತಮಾಷೆ ನೋಡಿ. 8 ಮೆಶ್, ಅರ್ಧ ಮಿ.ಮೀ. ತಂತಿ ತಗೊಂಡರೂ ಲೆಕ್ಕ ಅದೇ 71. ಕಿಂಡಿ ಅರ್ಧ, ತಂತಿಯೂ ಅರ್ಧ. ಕಾಗದದ ಮೇಲೆ ಎರಡೂ ಒಂದೇ ಜಾಲರಿ. ಹುರುಳಿ ರಸ್ತೆಗೆ ಇಳಿಸಿದರೆ ಅಜಗಜಾಂತರ. ರೇಡಿಯೇಟರಿನ ಫಿನ್ನುಗಳ ಸಂದು ನಾವು ಅಳೆದಾಗ ಸುಮಾರು 2 ಮಿ.ಮೀ. ಬಂತು. ಅದಕ್ಕಿಂತ ಸಣ್ಣ ಧೂಳು ಹೇಗೂ ಒಳಗೆ ಹೋಗಿ ಹಿಂದಿನಿಂದ ಆಚೆ ಬರುತ್ತೆ. ತಡೆಯಬೇಕಾದ್ದು ಸಂದಿನಲ್ಲಿ ಸಿಕ್ಕಿಕೊಳ್ಳುವಂಥದ್ದನ್ನ: ಒಡೆದ ಕಾಯಿಯ ಸಿಪ್ಪೆ, ಬಳ್ಳಿಯ ಚೂರು, ಒಣಗಿದ ಎಲೆ. 4 ಮೆಶ್ ಹಾಕಿದರೆ ಸಿಪ್ಪೆ, ಬಳ್ಳಿ ನಿಲ್ಲುತ್ತೆ, ಎಲೆಯ ಪುಡಿ ನುಗ್ಗುತ್ತೆ. 8 ಮೆಶ್ ಹಾಕಿದರೆ ಹೆಚ್ಚುಕಮ್ಮಿ ಎಲ್ಲವೂ ನಿಲ್ಲುತ್ತೆ, ಜೊತೆಗೆ ಬೇಗ ಕಟ್ಟಿಕೊಳ್ಳುತ್ತೆ. ವರ್ಷಪೂರ್ತಿ 8 ಮೆಶ್ ಹಾಕಿಕೊಂಡು ತಿರುಗೋದು ಜ್ವರ ಇಲ್ಲದಾಗಲೂ ಮಾತ್ರೆ ನುಂಗಿದ ಹಾಗೆ. ದಾವಣಗೆರೆಯವಳು ಒಂದು ದಾರಿ ಹೇಳಿದಳು, ಅದೇ ಖಾಯಂ ಆಯ್ತು. 4 ಮೆಶ್ ಯಾವಾಗಲೂ ಇರಲಿ, ಕಲ್ಲು ಚಿಟ್ಟೆ ತಡೆಯೋಕೆ. ಅದರ ಹಿಂದೆ ಎರಡು ಇಂಚು ಬಿಟ್ಟು ಒಂದು ಗಾಡಿ ಮಾಡೋಣ, ಸುಗ್ಗಿ ಕಾಲದಲ್ಲಿ ಮಾತ್ರ ಅದರೊಳಗೆ 8 ಮೆಶ್ ಚೌಕಟ್ಟನ್ನು ಮೇಲಿನಿಂದ ಜಾರಿಸೋಣ, ಕಿಟಕಿಗೆ ಸೊಳ್ಳೆ ಪರದೆ ಹಾಕಿದ ಹಾಗೆ.

ಮಾಡುವ ಕೆಲಸಕ್ಕೆ ಒಂದು ವಾರ ಹಿಡೀತು. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ ಮೊದಲು ಅಚ್ಚು ಮಾಡಿಕೊಂಡೆವು. ಗಾಡಿಯ ಮುಂಭಾಗ ನೋಡೋಕೆ ಚೌಕ, ಅಳೆಯೋಕೆ ಹೋದರೆ ಎಲ್ಲೂ ನೇರ ಗೆರೆ ಇಲ್ಲ. ಸ್ಟೇನ್‌ಲೆಸ್ ಜಾಲರಿಯನ್ನ ಕತ್ತರಿಸಿದ ಕಡೆ ತಂತಿಗಳು ಬಿಚ್ಚಿಕೊಂಡು ಕೈಗೆ ಚುಚ್ಚುತ್ತವೆ. ಅದಕ್ಕೆ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಅಂಚನ್ನು ಕಚ್ಚಿಸಿ ರಿವೆಟ್ ಹೊಡೆದೆವು. ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಸರ್ ಪಕ್ಕದಲ್ಲಿ ನಿಂತು ಮೂಲೆಗಳ ವೆಲ್ಡಿಂಗ್ ಮಾಡಿಸಿದರು. ಚೌಕಟ್ಟು ಗಾಡಿಗೆ ತಾಗುವಲ್ಲೆಲ್ಲ ರಬ್ಬರ್ ಪಟ್ಟಿ ಕೊಡಿ ಅಂದದ್ದೂ ಅವರೇ. ಒಂದು, ಗಡಗಡ ಸದ್ದು ಬರಲ್ಲ. ಎರಡು, ರೇಡಿಯೇಟರ್ ಅಲ್ಯೂಮಿನಿಯಂ, ಜಾಲರಿ ಸ್ಟೇನ್‌ಲೆಸ್. ಎರಡು ಲೋಹ ತಾಗಿಕೊಂಡು ನಡುವೆ ನೀರು ಸೇರಿದರೆ ಅಲ್ಯೂಮಿನಿಯಮ್ಮೇ ಮೊದಲು ಸವೆಯೋದು. ಬೀಗಕ್ಕೆ ಟ್ರ್ಯಾಕ್ಟರ್ ಬಾನೆಟ್ಟಿಗೆ ಹಾಕುವಂಥ ರಬ್ಬರ್ ಕೊಂಡಿ ನಾಲ್ಕು. ಸ್ಪ್ಯಾನರ್ ಬೇಡ, ಕೈಯಲ್ಲೇ ಎಳೆದು ಬಿಚ್ಚಬಹುದು.

ಜಾಲರಿಯ ಮುಂದೆ ದಪ್ಪ ಪೈಪು ಬಗ್ಗಿಸಿ ಕೂರಿಸಿ ಅಂತ ಗ್ಯಾರೇಜಿನವರೊಬ್ಬರು ಸಲಹೆ ಕೊಟ್ಟರು. ಬೇಡ ಅಂದೆವು. ಬುಲ್ ಬಾರ್ ಹಾಕಿದ ಗಾಡಿಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಎದುರಿಗೆ ನಡೆದು ಬರುವವರಿಗೆ ಆ ಪೈಪು ಏನು ಮಾಡುತ್ತೆ ಅಂತ ಯೋಚಿಸಿದರೆ ಸಾಕು. ನಮ್ಮದು ಗಾಡಿಯ ಅಂಚಿನೊಳಗೇ ಇದೆ, ನಂಬರ್ ಪ್ಲೇಟಿಗೂ ದೀಪಕ್ಕೂ ಅಡ್ಡ ಇಲ್ಲ.

ಮಾದಪ್ಪನ ವಿಷಯ? ಅಕ್ಷರ ಅಂದರೆ ತಗಡು, ತಗಡು ಅಂದರೆ ಗಾಳಿಗೆ ಅಡ್ಡ. ಚಿಕ್ಕಪ್ಪನ ಮಗ ಮುಖ ಸಪ್ಪೆ ಮಾಡಿಕೊಂಡು ಎರಡು ದಿನ ನಮ್ಮ ಹತ್ತಿರ ಮಾತಾಡಲಿಲ್ಲ. ಬಾನೆಟ್ ಎತ್ತಿ ನೋಡಿದಾಗ ಗ್ರಿಲ್ಲಿನ ಮೇಲ್ಭಾಗದ ಹಿಂದೆ ಬಾನೆಟ್ ಲಾಕ್ ಕೂರುವ ಉಕ್ಕಿನ ಪಟ್ಟಿ ಕಾಣಿಸಿತು. ಅದರ ಹಿಂದೆ ರೇಡಿಯೇಟರೇ ಇಲ್ಲ. ಅಲ್ಲಿ ಗಾಳಿ ಹೋದರೂ ಒಂದೇ, ಬಿಟ್ಟರೂ ಒಂದೇ. ಪಟ್ಟಿಯ ಎತ್ತರಕ್ಕೆ ಸರಿಯಾಗಿ ಮೂರು ಅಕ್ಷರ ಕೊರೆಸಿ ಕೂರಿಸಿದೆವು. ಅವನು ಕೇಳಿದಷ್ಟು ದೊಡ್ಡದಿಲ್ಲ, ಆದರೂ ಬೀದಿ ಕೊನೆಯಿಂದ ಓದಬಹುದು.

ಜಾಲರಿ ಹಾಕಿದ ಮೇಲೆ ಎಂಜಿನ್ ಎಷ್ಟು ಹೆಚ್ಚು ಬಿಸಿಯಾಗುತ್ತೆ ಅನ್ನೋದು ನಮ್ಮ ನಿದ್ದೆ ಕೆಡಿಸಿದ ಪ್ರಶ್ನೆ. ಒಳ್ಳೇದು ಮಾಡ್ತೀವಿ ಅಂತ ಹೋಗಿ ಇನ್ನೊಂದು ಗ್ಯಾಸ್ಕೆಟ್ ಸುಟ್ಟರೆ ಚಿಕ್ಕಪ್ಪನ ಮುಖ ನೋಡೋದು ಹೇಗೆ? ಲ್ಯಾಬಿನಿಂದ ಥರ್ಮೋಕಪಲ್ ಇರುವ ಮಲ್ಟಿಮೀಟರ್ ಕೇಳಿ ತಂದು, ರೇಡಿಯೇಟರಿನ ಮೇಲಿನ ಹೋಸಿಗೆ ಟೇಪು ಸುತ್ತಿ, ನಮ್ಮಲ್ಲೊಬ್ಬರು ಕ್ಯಾಬಿನ್ನಿನಲ್ಲಿ ಕೂತು ಮೂರು ಟ್ರಿಪ್ ಹೋಗಿಬಂದೆವು. ಘಾಟಿ ಹತ್ತುವಾಗ ಅತಿ ಹೆಚ್ಚು ಕಂಡದ್ದು ಜಾಲರಿ ಇಲ್ಲದೆ 93 ಡಿಗ್ರಿ, 4 ಮೆಶ್ ಮಾತ್ರ ಇದ್ದಾಗ 94, ಎರಡೂ ಇದ್ದಾಗ 97. ಮೂರು ದಿನದ ಬಿಸಿಲು ಒಂದೇ ಅಲ್ಲ, ಹೊರೆಯೂ ಒಂದೇ ಅಲ್ಲ, ಇದನ್ನ ಪೇಪರ್ ಅಂತ ಎಲ್ಲೂ ಕಳಿಸೋಕಾಗಲ್ಲ. ಆದರೆ ಅಂದಾಜಿಗೆ ಸಾಕು. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಡೋದರಿಂದ ನೀರು ನೂರಕ್ಕೇ ಕುದಿಯಲ್ಲ. ಬಿಸಿಯಿದ್ದಾಗ ಆ ಮುಚ್ಚಳ ತೆಗೀಬಾರದು ಅನ್ನೋದೂ ಇದೇ ಕಾರಣಕ್ಕೆ.

ನಮಗೆ ಹೆಚ್ಚು ಕಲಿಸಿದ್ದು ನಾಲ್ಕನೇ ಟ್ರಿಪ್, ಸುಗ್ಗಿ ಶುರುವಾದ ಮೇಲಿನದ್ದು. ಊರಿನ ಹತ್ತಿರ ಒಂದೆರಡು ಕಿಲೋಮೀಟರ್ ಹುರುಳಿ ಮೇಲೇ ಹೋಗಿದ್ದೆವು. ವಾಪಸ್ ಬರುವಾಗ ಬಣ್ಣಾರಿಯಲ್ಲಿ ಬೇಕಂತಲೇ ಜಾಲರಿ ಬಿಚ್ಚದೆ ಹತ್ತೋಣ ಅಂತ ನಾವು ಕೇಳಿಕೊಂಡೆವು, ಜಾಗ ಇರುವ ತಿರುವು ಸಿಕ್ಕ ತಕ್ಷಣ ನಿಲ್ಲಿಸೋದು ಅಂತ ಚಿಕ್ಕಪ್ಪ ಒಪ್ಪಿದರು. ಆರನೇ ತಿರುವಿಗೇ ಮೀಟರ್ 101 ತೋರಿಸಿತು. ಫ್ಯಾನು ಹೋ ಅಂತ ಕೂಗ್ತಿತ್ತು. ಪಕ್ಕಕ್ಕೆ ಹಾಕಿ, ಕೊಂಡಿ ಎಳೆದು, ಚೌಕಟ್ಟು ಮೇಲಕ್ಕೆತ್ತಿ ತಡೆಗೋಡೆಗೆ ಕುಟ್ಟಿದೆವು. ಒಂದು ಮೊರದಷ್ಟು ಹೊಟ್ಟು ಬಿತ್ತು. ಹಿಂದೆ ರೇಡಿಯೇಟರ್ ಮುಖ ತೊಳೆದ ತಟ್ಟೆ ಥರ ಇತ್ತು. ಎಂಜಿನ್ ಸ್ವಲ್ಪ ಹೊತ್ತು ಹಾಗೇ ಓಡಿಸಿ ಹೊರಟರೆ ಮತ್ತೆ 96, 97. ಚಿಕ್ಕಪ್ಪ ಮಾತಾಡಲಿಲ್ಲ, ಹೋದ ವರ್ಷ ಗಾಡಿ ನಿಂತಿದ್ದ ತಿರುವು ದಾಟುವಾಗ ಮಾತ್ರ ಒಂದು ಸಲ ಹಾರನ್ ಹೊಡೆದರು.

ಜಾಲರಿ ಎಲ್ಲದಕ್ಕೂ ಮದ್ದಲ್ಲ. ಹುರುಳಿ ಬಳ್ಳಿ ಗಾಡಿಯ ಅಡಿಯಿಂದಲೂ ಬರುತ್ತೆ, ಪ್ರೊಪೆಲ್ಲರ್ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತೆ, ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೇ ಹತ್ತಬಹುದು. ಅದಕ್ಕೆ ಚಿಕ್ಕಪ್ಪನ ಹತ್ತಿರ ಇರೋದು ಹಳೇ ಕುಡುಗೋಲು ಒಂದೇ. ಹುರುಳಿ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಕುಯ್ದು ಎಳೆದು ಹೊರಡ್ತಾರೆ. ಅದಕ್ಕಿಂತ ಒಳ್ಳೇ ಉಪಾಯ ನಮಗೂ ಹೊಳೆದಿಲ್ಲ.

ಮಾರ್ಚಿನಲ್ಲಿ ಮತ್ತೆ ಅವರ ಮನೆಗೆ ಹೋಗಿದ್ದೆವು. ಗಾಡಿ ಮುಂದೆ ದಪ್ಪ ಜಾಲರಿ, ಮಾದಪ್ಪ ಎರಡೂ ಇತ್ತು, ಒಳಗಿನ 8 ಮೆಶ್ ಇರಲಿಲ್ಲ. ಸುಗ್ಗಿ ಮುಗೀತಲ್ಲ, ಬಿಚ್ಚಿಟ್ಟಿರ್ತಾರೆ ಅಂದುಕೊಂಡೆವು. ಒಳಗೆ ಹೋದರೆ ನಡುಮನೆಯಲ್ಲಿ ಚಿಕ್ಕವ್ವ ಅದೇ ಚೌಕಟ್ಟನ್ನು ಎರಡು ಮಣೆಗಳ ಮೇಲಿಟ್ಟುಕೊಂಡು ಹುರುಳಿ ಜರಡಿ ಹಿಡೀತಿದ್ದರು. ಧೂಳು ಕೆಳಗೆ, ಕಾಳು ಮೇಲೆ. ನಮ್ಮನ್ನ ನೋಡಿ, “ಇಂಥದೇ ಇನ್ನೊಂದು ಮಾಡ್ಕೊಡ್ರಪ್ಪ, ಈ ನಿಮ್ ಚಿಕ್ಕಪ್ಪ ಡಿಸೆಂಬರ್‌ಗೆ ಇದ ಕಿತ್ಕೊಂಡು ಹೋಯ್ತರೆ” ಅಂದರು. ಅಳತೆ ನಮ್ಮ ಹತ್ತಿರ ಇತ್ತು. ಕೊಂಡಿ ಬೇಡ, ಎರಡು ಹಿಡಿ ಹಾಕಿ ಅಂತ ದಾವಣಗೆರೆಯವಳು ಅಲ್ಲೇ ಬರೆದುಕೊಂಡಳು.